ಮೀನು ಮೇಲೆ ಬಂದ ಬೆಳಗು

ನೀಲಕುಂಟಪಲ್ಲಿ,
ಗೌನಿಪಲ್ಲಿ ಹೋಬಳಿ, ಶ್ರೀನಿವಾಸಪುರ ತಾಲ್ಲೂಕು.
ಸ್ವಭಾನು ಸಂವತ್ಸರದ ಆಷಾಢ ಬಹುಳ ಪಂಚಮಿ, ಗುರುವಾರ.
೨೨-೭-೧೯೪೩

ಚಿ|| ಸೌ|| ಗಂಗರತ್ನಮ್ಮನಿಗೆ,

ನಿನ್ನ ತಂದೆ ಸುಬ್ಬರಾಯಪ್ಪನ ಆಶೀರ್ವಾದಗಳು. ಅಳಿಯಂದಿರಾದ ರಾಮಚಂದ್ರಪ್ಪನವರಿಗೂ ನಿನ್ನ ಅತ್ತೆಯವರಿಗೂ ನಮ್ಮ ನಮಸ್ಕಾರ ತಿಳಿಸು. ನಿನ್ನ ಕಾಗದಗಳೆಲ್ಲ ಬಂದು ಸೇರಿವೆ. ಒಂದಕ್ಕೂ ನಾನು ಉತ್ತರ ಬರೆಯಲಿಲ್ಲ. ಟಪಾಲಿನವನು ಎಲ್ಲೋ ಕಳೆದಿರಬೇಕೆಂದು ನೀನು ಬರೆದಿದ್ದೀಯೆ. ಪಾಪ, ಅವನನ್ನು ಬೈಯಬೇಡ. ಅವನು ವಾರ ತಪ್ಪದೆ ಗೌನಿಪಲ್ಲಿಯಿಂದ ನಡೆದು ಬರುತ್ತಾನೆ, ನಮ್ಮ ಜಗುಲಿಯ ಮೇಲೆ ಕೂತು ಟೋಪಿ ಬೀಸಿಕೊಳ್ಳುತ್ತಾನೆ, ಕುಡಿಯಲು ನೀರು ಕೇಳದೆ ಎದ್ದು ಹೋಗುತ್ತಾನೆ. ನಮ್ಮೂರಲ್ಲಿ ಈಗ ಯಾರೂ ಯಾರನ್ನೂ ನೀರು ಕೇಳುವುದಿಲ್ಲ.

ನೀನು ಎಲ್ಲ ಕಾಗದಗಳಲ್ಲೂ ಕೇಳಿರುವುದು ಒಂದೇ ಮಾತು. ಬಾಣಂತನಕ್ಕೆ ಕರೆದುಕೊಂಡು ಹೋಗಲು ಅಪ್ಪ ಯಾವಾಗ ಗಾಡಿ ಕಟ್ಟುತ್ತಾನೆ ಎಂದು. ನಿನ್ನ ಅತ್ತೆಯವರು “ನಿಮ್ಮಪ್ಪನಿಗೆ ಎತ್ತಿಲ್ಲವೋ, ಮಗಳು ಬೇಡವೋ” ಅಂದದ್ದನ್ನೂ ಬರೆದಿದ್ದೀಯೆ. ಅವರು ಅಂದದ್ದರಲ್ಲಿ ತಪ್ಪೇನೂ ಇಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಅದರಲ್ಲೂ ನಿನ್ನ ತಾಯಿ ಈ ಊರಿನ ಮಕ್ಕಳನ್ನೆಲ್ಲ ತನ್ನ ಕೈಯಿಂದ ಭೂಮಿಗೆ ಇಳಿಸಿದವಳು. ಅಂಥವಳ ಮಗಳು ಮಾಲೂರಿನಲ್ಲಿ ಯಾರದೋ ಕೈಯಲ್ಲಿ ಹೆರುವುದೆಂದರೆ ಕೇಳಿದವರು ನಗುತ್ತಾರೆ.

ಆದರೂ ನಾನು ಬರುವುದಿಲ್ಲ, ರತ್ನ. ನೀನೂ ಬರಬೇಡ.

ಈ ಎರಡು ಸಾಲು ಬರೆದು ಲೇಖನಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಎದುರಿಗೆ ಕೋಳಿಯೊಂದು ತಿಪ್ಪೆ ಕೆದರುತ್ತಿತ್ತು, ಅದನ್ನೇ ನೋಡುತ್ತಿದ್ದೆ. ಈಚೆಗೆ ನನಗೆ ಹೀಗೇ ಆಗುತ್ತಿದೆ. ಏನನ್ನು ನೋಡಿದರೂ ನೋಡುತ್ತಲೇ ಇರುತ್ತೇನೆ.

ಕಾರಣ ಹೇಳುತ್ತೇನೆ. ನೀನು ಚಿಕ್ಕವಳಿದ್ದಾಗ ನನ್ನ ಕಥೆಗೆ ಮಾತುಮಾತಿಗೂ ‘ಊಂ’ ಅನ್ನುತ್ತಿದ್ದೆ. ನೀನು ಊಂ ಅನ್ನದಿದ್ದರೆ ನನ್ನ ರಾಜಕುಮಾರ ಕುದುರೆ ಹತ್ತುತ್ತಲೇ ಇರಲಿಲ್ಲ. ಕಾಗದದಲ್ಲಿ ಊಂ ಅನ್ನುವವರಿಲ್ಲ. ಆದರೂ ನನಗೆ ಹೇಳುವುದಕ್ಕೆ ಬರುವುದು ಹಾಗೆಯೇ, ಮೊದಲಿಂದ ಕೊನೆಯ ತನಕ.

ಯುಗಾದಿ ಕಳೆದ ಮೇಲೆ ಮದನಪಲ್ಲಿ ಕಡೆಯಿಂದ ಒಬ್ಬ ಗುತ್ತಿಗೆದಾರ ಬಂದ. ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುವ ಬಸ್ಸಿನಲ್ಲಿ ಬಂದವನು ಇಳಿದಾಗ ಮುಖವೆಲ್ಲ ಮಸಿ; ಹೆರಿಗೆಗಳಲ್ಲಿ ನಿನ್ನ ತಾಯಿಗೆ ನೆರವಾಗುವ ನಮ್ಮ ಮುನಿಯಲ್ಲಮ್ಮ ಅವನನ್ನು ಕಲಾಯಿ ಹಾಕುವವನೆಂದು ತಿಳಿದು ಮನೆಯಿಂದ ತಪ್ಪಲೆ ತಂದಿದ್ದಳು. ಅವನು ಅರಳಿಕಟ್ಟೆಯ ಮೇಲೆ ಕೂತು, ಯುದ್ಧಕ್ಕೆ ಹಗ್ಗ ಬೇಕಾಗಿದೆ, ಡೇರೆಗೂ ಬಲೆಗೂ ಕತ್ತಾಳೆ ನಾರು ಬೇಕಾಗಿದೆ, ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತೇನೆ ಅಂದ. ನಮ್ಮೂರಲ್ಲಿ ಕತ್ತಾಳೆ ಇಲ್ಲದ ಬೇಲಿ ಯಾವುದಿದೆ ಹೇಳು. ಪಟೇಲ ಕೋದಂಡರಾಮಪ್ಪನವರು ಮೀಸೆ ತಿರುವಿ, “ನೋಡ್ರಯ್ಯಾ, ಇಷ್ಟು ದಿನ ಬೇಲೀಲಿ ಮುಳ್ಳು ಚುಚ್ಚಿಸ್ಕೊಂಡ್ರಿ. ಈಗ ಅದೇ ಬೇಲಿ ಅನ್ನ ಹಾಕ್ತದೆ” ಅಂದರು.

ಕತ್ತಾಳೆಯ ಕೆಲಸ ನಿನಗೆ ಗೊತ್ತಲ್ಲ. ಪಟ್ಟೆಯನ್ನು ಕೊಯ್ದು, ಜಜ್ಜಿ, ಕಂತೆ ಕಟ್ಟಿ, ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಬೇಕು. ಅದರ ತಿರುಳು ಕೊಳೆತು ಬಿಟ್ಟ ಮೇಲೆ ಬಂಡೆಯ ಮೇಲೆ ಬಡಿದರೆ ನಾರು ಬಿಳಿಯಾಗಿ ಬರುತ್ತದೆ. ನಾವು ವರ್ಷಕ್ಕೊಮ್ಮೆ ಎತ್ತಿನ ಹಗ್ಗಕ್ಕೆ ಆಗುವಷ್ಟನ್ನು ಗುಂಡಿಯಲ್ಲಿ ನೆನೆಹಾಕುತ್ತಿದ್ದೆವು. ಈ ಸಲ ಗಾಡಿಗಟ್ಟಲೆ ಕೊಯ್ದೆವು.

“ಗುಂಡಿ ಸಾಲಲ್ಲ ಪಟೇಲ್ರೇ” ಅಂದೆ ನಾನು.

“ಸಾಲ್ದಿದ್ರೆ ಮೇಲ್ಕುಂಟೆ ಐತಲ್ಲೋ ಸುಬ್ಬರಾಯ.”

“ದನ ಎಲ್ಲಿ ನೀರು ಕುಡೀಬೇಕು?”

ಪಕ್ಕದಲ್ಲಿ ಕೂತಿದ್ದ ಗಂಗುಲಪ್ಪ ಎಲೆಅಡಿಕೆ ಉಗಿದು, “ದನ ಕೆರೆಗೆ ಹೋಗ್ಲಿ ಬಿಡಪ್ಪಾ. ಅವುಕ್ಕೆ ನಾಲ್ಕು ಕಾಲೈತೆ, ನಮಗೆ ಎರಡೇ” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೀಗೆ ಊರಿನವರ ಕಂತೆಗಳೆಲ್ಲ ಮೇಲ್ಕುಂಟೆಗೆ ಬಿದ್ದವು. ಯಾರದು ಯಾವುದೆಂದು ತಿಳಿಯಲು ಒಬ್ಬೊಬ್ಬರೂ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟಿದರು. ನಮ್ಮ ಕಂತೆಗಳಿಗೆ ನಿನ್ನ ಹಳೆಯ ಹಸಿರು ಸೀರೆಯ ಅಂಚನ್ನು ಹರಿದು ಕಟ್ಟಿದೆ. ನೀರು ಮೊದಲು ಹಸಿರಾಯಿತು, ಆಮೇಲೆ ಚಹದ ಬಣ್ಣವಾಯಿತು, ಆಮೇಲೆ ಕಪ್ಪಾಯಿತು. ಅಂಟುವಾಳ ಕಿವುಚಿದ ಹಾಗೆ ನೊರೆ ಎದ್ದು ಗಾಳಿ ಬಂದ ಕಡೆ ತೇಲುತ್ತಿತ್ತು. ಕೈ ಹಾಕಿದರೆ ಮೊಣಕೈ ತನಕ ತುರಿಕೆ. ನಾತ ಊರೊಳಗೂ ಬಂತು. ನಾತ ಬಂದರೆ ನಾರು ಹದಕ್ಕೆ ಬರುತ್ತಿದೆ ಎಂದು ಅರ್ಥವಲ್ಲವೆ, ಆದ್ದರಿಂದ ಯಾರಿಗೂ ಬೇಸರವಿರಲಿಲ್ಲ. ಗಂಗುಲಪ್ಪ ಬೆಳಗ್ಗೆ ಎದ್ದು ಹೊಸ್ತಿಲಲ್ಲಿ ನಿಂತು ಮೂಗು ಎತ್ತಿ, “ಆಹಾ, ವಸ್ತಾ ಉಂದಿ, ವಸ್ತಾ ಉಂದಿ” ಎನ್ನುವನು, ಬರುತ್ತಾ ಇದೆ, ಬರುತ್ತಾ ಇದೆ ಎಂದು, ಮಗಳ ಮನೆಯಿಂದ ನೆಂಟರು ಬರುತ್ತಿರುವ ಹಾಗೆ.

ಮೇಲ್ಕುಂಟೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗೆ ನಾವು ಕುಡಿಯುವ ಗಂಗಮ್ಮನ ಕುಂಟೆಗೆ ಇಳಿಯುತ್ತದೆ. ಇದು ಹೊಸ ಸಂಗತಿಯೇನಲ್ಲ, ಎರಡನ್ನೂ ಕಟ್ಟಿಸಿದವರು ಹಾಗೆಂದೇ ಕಟ್ಟಿಸಿದ್ದು. ಆದರೆ ಆ ಕಾಲುವೆಯಲ್ಲಿ ನೀರು ಹರಿಯುವುದು ವರ್ಷಕ್ಕೆ ಎಷ್ಟು ದಿನ? ಉಳಿದ ದಿನವೆಲ್ಲ ಅದರೊಳಗೆ ನಾವು ನಡೆಯುತ್ತೇವೆ, ಕುರಿ ಹೊಡೆಯುತ್ತೇವೆ, ಹೊಲಕ್ಕೆ ಬುತ್ತಿ ಒಯ್ಯುತ್ತೇವೆ. ನಡೆದು ನಡೆದು ನಮಗೆ ಅದು ದಾರಿಯೇ ಆಗಿಬಿಟ್ಟಿತ್ತು. ಕಂತೆಗಳನ್ನು ಮೇಲ್ಕುಂಟೆಗೆ ಸಾಗಿಸಿದ್ದೂ ಅದೇ ಕಾಲುವೆಯಲ್ಲಿ ಗಾಡಿ ಹೊಡೆದುಕೊಂಡು. ಅದು ಕಾಲುವೆ ಎಂದು ಯಾರಿಗೂ ಹೊಳೆಯಲಿಲ್ಲ.

ಭರಣಿ ಮಳೆ ಒಂದು ಮಧ್ಯಾಹ್ನ ಬಂತು. ಆಲಿಕಲ್ಲು ಸಮೇತ ಬಂತು, ಮಾವಿನ ಕಾಯಿ ಎಷ್ಟೋ ಉದುರಿತು. ಮೇಲ್ಕುಂಟೆ ಕೋಡಿ ಬಿತ್ತು. ನಾವು ಬಾಗಿಲಲ್ಲಿ ನಿಂತು ಮಳೆ ನೋಡಿ ಸಂತೋಷಪಟ್ಟೆವು.

ಮಾರನೆಯ ಬೆಳಗ್ಗೆ ಗಂಗುಲಪ್ಪನ ಸೊಸೆ ಶಾಮಲಮ್ಮನ ಗಂಗೆಪೂಜೆ ಇತ್ತು. ಹೆತ್ತು ಹನ್ನೊಂದನೆಯ ದಿನ. ನಿನ್ನ ಅತ್ತೆಯವರ ಕಡೆ ಈ ಪದ್ಧತಿ ಇಲ್ಲವಲ್ಲ, ಅವರಿಗೂ ಓದಿ ಹೇಳು. ನಮ್ಮೂರಿನಲ್ಲಿ ಬಾಣಂತಿ ಕೂಸನ್ನೆತ್ತಿಕೊಂಡು ಗಂಗಮ್ಮನ ಕುಂಟೆಗೆ ಹೋಗುತ್ತಾಳೆ. ಹೆರಿಗೆ ಮಾಡಿಸಿದವಳು ಕೊನೆಯ ಮೆಟ್ಟಿಲಲ್ಲಿ ಕೂತು ಅಂಗೈಯಿಂದ ನೀರು ತಟ್ಟಿ ಬೊರುಗು, ಅಂದರೆ ಮಂಡಕ್ಕಿ, ಚೆಲ್ಲುತ್ತಾಳೆ. ಮೀನು ಬಂದು ತಿಂದರೆ ಗಂಗಮ್ಮ ಕೂಸನ್ನು ಒಪ್ಪಿದಳೆಂದು ಲೆಕ್ಕ. ಆಮೇಲೆ ಬಾಣಂತಿ ಅಲ್ಲಿಂದಲೇ ಒಂದು ಬಿಂದಿಗೆ ಕುಡಿಯುವ ನೀರು ಹೊತ್ತು ಮನೆಗೆ ಬರುತ್ತಾಳೆ. ಆ ಮೀನನ್ನು ಯಾರೂ ಹಿಡಿಯುವುದಿಲ್ಲ, ತಿನ್ನುವುದಿಲ್ಲ. “ಮೀನಿಗೇನೇ, ಬೊರುಗು ಕಂಡ್ರೆ ಬರ್ತದೆ” ಎಂದು ನಾನು ತಮಾಷೆ ಮಾಡಿದರೆ ನಿನ್ನ ತಾಯಿ, “ನಿನ್ನ ಬಾಯಿಗೂ ಒಂದು ಹಿಡಿ ಹಾಕ್ತೀನಿ, ಸುಮ್ನಿರು” ಎನ್ನುತ್ತಿದ್ದಳು.

ಆ ಬೆಳಗ್ಗೆ ನಿನ್ನ ತಾಯಿ ನೀರು ತಟ್ಟಲೇ ಇಲ್ಲ. ನಾವು ಮೆಟ್ಟಿಲು ಇಳಿಯುವ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದಿದ್ದವು.

ಒಂದೆರಡಲ್ಲ ರತ್ನ, ಕುಂಟೆಯಲ್ಲಿ ಎಷ್ಟು ಮೀನಿತ್ತೋ ಅಷ್ಟೂ. ಚೂರುಪಾರು ಪಕ್ಕೆಮೀನಿನಿಂದ ಹಿಡಿದು ನಮ್ಮಜ್ಜಿಯ ಕಾಲದ ದಪ್ಪ ಮೀನುಗಳ ತನಕ, ಕುಂಟೆಯ ತುಂಬ ತಲೆಗಳು. ಎಲ್ಲವೂ ಬಾಯನ್ನು ನೀರಿನಿಂದ ಮೇಲಕ್ಕೆತ್ತಿ ದುಂಡಗೆ ತೆರೆಯುತ್ತವೆ, ಮುಚ್ಚುತ್ತವೆ, ತೆರೆಯುತ್ತವೆ. ಸದ್ದಿಲ್ಲ. ಹತ್ತಿರ ಹೋದರೆ ಓಡುವುದಿಲ್ಲ. ಹೆಂಗಸರೆಲ್ಲ ಕೈ ಮುಗಿದರು. ಗಂಗುಲಪ್ಪ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಅವನ ಕಣ್ಣಲ್ಲಿ ನೀರು.

“ದೊಡ್ಡಕ್ಕಾ, ನೀನು ಕರೀದೇನೇ ಬಂದವಲ್ಲೇ!” ಅಂದಳು ಮುನಿಯಲ್ಲಮ್ಮ.

“ನನ್ನ ಕೈ ಗುರುತು ಅವುಕ್ಕೆ” ಅಂದಳು ನಿನ್ನ ತಾಯಿ. ಅವಳು ಹಾಗೆ ಜಂಬ ಪಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೂತು ಬೊರುಗು ಚೆಲ್ಲಿದಳು. ಕೈ ಹತ್ತಿರ ಹಿಡಿದರೂ ಅವು ಸರಿಯಲಿಲ್ಲವಾದ್ದರಿಂದ ಬಾಯಿಗೇ ಹಾಕಿದಳು, ಮಕ್ಕಳಿಗೆ ತುತ್ತು ಕೊಟ್ಟ ಹಾಗೆ. ಬೊರುಗು ಬಾಯಿಗೆ ತಾಕಿ ಪಕ್ಕಕ್ಕೆ ತೇಲಿ ಹೋಗುತ್ತಿತ್ತು. ಒಂದೂ ನುಂಗಲಿಲ್ಲ. ನಾನು ನೋಡಿದೆ, ಎಲ್ಲರೂ ನೋಡಿದರು. ಆದರೆ ಅಷ್ಟು ಸಂತೋಷದಲ್ಲಿ ಅದೊಂದು ವಿಷಯವೇ ಆಗಿ ತೋರಲಿಲ್ಲ.

“ಹೊಟ್ಟೆ ತುಂಬಿರಬೇಕು” ಅಂದ ಗಂಗುಲಪ್ಪ.

“ನಿನ್ನ ಮನೆ ಬೊರುಗು ಮುಗ್ಗಲು ಕಣೋ. ನಮ್ಮನೇದು ತರ್ತೀನಿ ತಾಳು” ಎಂದು ಮುನಿಯಲ್ಲಮ್ಮ ಓಡಿದಳು.

ಸುದ್ದಿ ಊರಿಗೆ ಹೋಯಿತು. ಮನೆಮನೆಯಿಂದ ಮೊರದಲ್ಲಿ ಬೊರುಗು ಬಂತು, ತಂಬಿಟ್ಟು ಬಂತು, ಹುರಿಗಡಲೆ, ಬೆಲ್ಲ, ಮೊಸರನ್ನ ಬಂತು. ಪಟೇಲರು ಒಂದು ಕುಕ್ಕೆ ಅನ್ನವನ್ನೇ ಕಳಿಸಿದರು. ಮೀನು ಬಾಯಿ ತೆರೆದಷ್ಟೂ ನಾವು ಹಾಕಿದೆವು. ಏಡಿಗಳು ನೀರು ಬಿಟ್ಟು ಮೆಟ್ಟಿಲು ಹತ್ತಿ ಕೂತಿದ್ದವು, ಬಸವನಹುಳುಗಳು ಗೋಡೆಗೆ ಅಂಟಿ ಮೇಲೆ ಮೇಲೆ ಬರುತ್ತಿದ್ದವು. ಮುನಿಯಲ್ಲಮ್ಮ, “ಲೇ, ಏಡೀನೂ ಪೂಜೆಗೆ ಬಂದೈತೆ ಕಣ್ರೇ, ಅದಕ್ಕೂ ಪ್ರಸಾದ ಕೊಡ್ರೇ” ಅಂದಳು. ಸೋಬಾನೆ ಹೇಳುತ್ತಿದ್ದವರು ನಗು ತಡೆಯಲಾರದೆ ಹಾಡು ನಿಲ್ಲಿಸಿದರು. ನೀರು ಒಂದಿಷ್ಟು ಬಣ್ಣ ತಿರುಗಿತ್ತು, ವಾಸನೆಯೂ ಇತ್ತು. ಹೊಸ ಮಳೆಯ ನೀರು ಯಾವಾಗಲೂ ಹಾಗೆಯೇ ಅಂದುಕೊಂಡೆವು. ಶಾಮಲಮ್ಮ ಬಿಂದಿಗೆ ತುಂಬಿಕೊಂಡು ಕೂಸಿನ ಸಮೇತ ಮನೆಗೆ ಹೋದಳು.

ಆ ದಿನ ಸಾಯಂಕಾಲ ನಿನ್ನ ತಾಯಿ ನನಗೆ ಒಂದು ಮಾತು ಹೇಳಿದಳು. “ರತ್ನನ ಕೂಸಿಗೂ ಹಿಂಗೇ ಬಂದ್ರೆ ಸಾಕು ಕಣಪ್ಪಾ, ಇನ್ನೇನೂ ಬ್ಯಾಡ ನಂಗೆ.”

ಮರುದಿನ ಕುಂಟೆ ಬೆಳ್ಳಗಿತ್ತು. ದೂರದಿಂದ ನೋಡಿದಾಗ ನಿನ್ನೆಯ ಬೊರುಗು ಇನ್ನೂ ತೇಲುತ್ತಿದೆ ಅಂದುಕೊಂಡೆ. ಬೊರುಗೂ ಇತ್ತು. ಅದರ ನಡುವೆ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಕೊರಮೀನು ಮಾತ್ರ ಕೆಲವು ಬದುಕಿದ್ದವು. ಆಗಾಗ ಮೂತಿ ಹೊರಗಿಟ್ಟು ಗಾಳಿ ಗುಟುಕರಿಸಿ ಮುಳುಗುತ್ತಿದ್ದವು. ಆಮೇಲೆ ಅವೂ ಕಾಣಲಿಲ್ಲ. ಮೆಟ್ಟಿಲ ಮೇಲಿನ ಏಡಿಗಳು ಕೂತ ಹಾಗೇ ಸತ್ತಿದ್ದವು.

ಯಾರೂ ಅಳಲಿಲ್ಲ. ಕೂಗಾಡಲೂ ಇಲ್ಲ. ಗಂಡಸರು ನಾವು ಸೊಂಟದ ತನಕ ಇಳಿದು ಕುಕ್ಕೆಯಲ್ಲಿ ಮೊಗೆದು ಮೊಗೆದು ದಡಕ್ಕೆ ಹಾಕಿದೆವು. ಗಂಗಮ್ಮನ ಮೀನು, ಹದ್ದಿಗೆ ಬಿಡಬಾರದೆಂದು ಚನ್ನರಾಯಪ್ಪನ ಮಾವಿನ ತೋಪಿನಲ್ಲಿ ಗುಂಡಿ ತೋಡಿ ಅರಿಸಿನ ಕುಂಕುಮ ಹಾಕಿ ಹೂತೆವು. ನನ್ನ ಕಾಲಿಗೆ ತಾಕಿದ ಒಂದು ಮೀನು ನಿನ್ನ ಮದುವೆಯ ತಂಬಿಗೆಯಷ್ಟು ದಪ್ಪವಿತ್ತು. ಅದರ ಬಾಯಿ ತೆರೆದೇ ಇತ್ತು, ಒಳಗೆ ಒಂದು ಕಾಳು ಬೊರುಗು. ಅದನ್ನು ಬೆರಳಿನಿಂದ ತೆಗೆದು ಬಿಸಾಡಿದೆ. ಯಾಕೆ ತೆಗೆದೆನೋ ಗೊತ್ತಿಲ್ಲ. ಆಮೇಲೆ ಮನೆಗೆ ಬಂದು ಸ್ನಾನ ಮಾಡಬೇಕೆಂದಾಗ ನೀರು ಎಲ್ಲಿಂದ ತರುವುದೆಂದು ತಿಳಿಯದೆ ಹಿತ್ತಿಲಿನಲ್ಲಿ ನಿಂತಿದ್ದೆ.

ಆದರೂ ಆ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿದೆವು. ಬೇರೆ ಎಲ್ಲಿದೆ? ಕೆರೆ ದೂರ, ಅದೂ ದನ ಇಳಿದು ಕಲಕಿದ ನೀರು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು, ನಾವು ಕುಡಿದೆವು. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಹೊಲಕ್ಕೆ ಓಡತೊಡಗಿತು. ಶಾಮಲಮ್ಮನ ಕೂಸಿಗೆ ಭೇದಿಯಾಗಿ ಕಣ್ಣು ಒಳಕ್ಕೆ ಹೋಯಿತು. ಶ್ರೀನಿವಾಸಪುರಕ್ಕೆ ಹೊತ್ತುಕೊಂಡು ಹೋದರು. ಕೂಸು ಉಳಿಯಿತು. ಇದನ್ನು ಮೊದಲೇ ಬರೆಯಬೇಕಿತ್ತು, ನೀನು ಹೆದರಿಕೊಂಡಿರುತ್ತೀಯೆ. ಉಳಿಯಿತು, ಈಗ ಬೋರಲು ಬೀಳುವ ಹವಣಿಕೆಯಲ್ಲಿದೆ.

ಆ ಕೂಸಿನ ದೆಸೆಯಿಂದ ಹೆಲ್ತ್ ಇನ್ಸ್‌ಪೆಕ್ಟರ್ ಸೈಕಲ್ಲಿನಲ್ಲಿ ಬಂದ. ಇನ್ನೂ ಮೀಸೆ ಬಲಿಯದ ಹುಡುಗ, ಒಳ್ಳೆಯವನು. ಎರಡು ಕುಂಟೆಗಳನ್ನೂ ನೋಡಿದ, ಕಾಲುವೆಯಲ್ಲಿ ನಡೆದ. ಆಮೇಲೆ ಅರಳಿಕಟ್ಟೆಯ ಹತ್ತಿರ ನಮ್ಮನ್ನೆಲ್ಲ ಕರೆದ. “ಮೇಲಿನ ಕುಂಟೆಯ ಕೊಳೆ ಇಳಿದು ಈ ನೀರಿನಲ್ಲಿ ಉಸಿರು ಮುಗಿದುಹೋಗಿತ್ತು” ಅಂದ.

“ನೀರಿಗೂ ಉಸಿರಾ ಸಾಮಿ?” ಅಂದಳು ಮುನಿಯಲ್ಲಮ್ಮ.

“ಮೀನಿಗೆ ನೀರಿನಲ್ಲೇ ಉಸಿರಮ್ಮ. ಏನೇ ಕೊಳೆತರೂ ಅದು ಆ ಉಸಿರನ್ನ ತಿಂದುಬಿಡುತ್ತೆ. ನೀವು ಹಾಕಿದ ಅನ್ನ, ಬೊರುಗು ಕೊಳೆತು ಮಿಕ್ಕಿದ್ದನ್ನೂ ತಿಂದಿತು. ಅವು ಮೇಲೆ ಬಂದದ್ದು ಊಟಕ್ಕಲ್ಲ, ಉಸಿರಿಗೆ.”

ನಿನ್ನ ತಾಯಿ ಹೆಂಗಸರ ಹಿಂದೆ ನಿಂತಿದ್ದಳು. ಸೆರಗು ಸರಿಮಾಡಿಕೊಂಡು ಮನೆಗೆ ಹೋದಳು.

ಗಂಗುಲಪ್ಪ, “ಹಂಗಾದ್ರೆ ನಾರು ಏನು ಮಾಡೋದು ಸಾಮಿ, ಇನ್ನೂ ಹದಕ್ಕೆ ಬಂದಿಲ್ಲ” ಅಂದ. ಅವನ ಮೇಲೆ ಯಾರೂ ಸಿಟ್ಟಾಗಲಿಲ್ಲ. ಹೇಗೆ ಸಿಟ್ಟಾಗುವುದು? ಮೇಲ್ಕುಂಟೆಯಲ್ಲಿ ಬಟ್ಟೆಚೂರಿಲ್ಲದ ಮನೆ ಯಾವುದಿತ್ತು? ಅಂದೇ ಎಲ್ಲರೂ ಹೋಗಿ ಅರ್ಧ ಕೊಳೆತ ಕಂತೆಗಳನ್ನು ಎಳೆದು ದಡಕ್ಕೆ ಹಾಕಿದೆವು. ಅವು ಈಗಲೂ ಅಲ್ಲೇ ಬಿದ್ದಿವೆ. ಗುತ್ತಿಗೆದಾರ ಒಮ್ಮೆ ಬಂದು ಕಾಲಿನಿಂದ ಒದ್ದು ನೋಡಿ ಮತ್ತೆ ಬಸ್ಸು ಹತ್ತಿದ.

ಈಗಿನ ಸುದ್ದಿ ಏನೆಂದರೆ, ಗಂಗಮ್ಮನ ಕುಂಟೆಯ ನೀರು ಕುಡಿಯಕೂಡದೆಂದು ಇನ್ಸ್‌ಪೆಕ್ಟರ್ ಹೇಳಿ ಹೋಗಿದ್ದಾನೆ. ನೀರಿನ ಮೇಲೆ ಎಣ್ಣೆಯ ಹಾಗೆ ಪೊರೆ ಕಟ್ಟಿದೆ. ಆಷಾಢದಲ್ಲಿ ಕಿವಿ ಕಿವುಡಾಗುವ ಹಾಗೆ ಕಪ್ಪೆ ಕೂಗಬೇಕು, ಒಂದೂ ಕೂಗಿಲ್ಲ. ನೀಲಿ ಮಿಂಚುಳ್ಳಿಯೊಂದು ಯಾವಾಗಲೂ ಕೂರುವ ಕಲ್ಲಿನ ಮೇಲೆ ಬಂದು ಕೂತು ನೀರು ನೋಡುತ್ತಿತ್ತು. ಬಹಳ ದಿನ ನೋಡಿತು. ಈಗ ಬರುವುದಿಲ್ಲ. ಸೊಳ್ಳೆಮರಿಗಳನ್ನು ತಿನ್ನಲು ಮೀನಿಲ್ಲವಾದ್ದರಿಂದ ಸೊಳ್ಳೆ ವಿಪರೀತವಾಗಿದೆ, ಮನೆಗೊಬ್ಬರಿಗೆ ಚಳಿಜ್ವರ. ಕುಡಿಯುವ ನೀರನ್ನು ನಾನು ಮತ್ತು ಚನ್ನರಾಯಪ್ಪ ಸರದಿಯ ಮೇಲೆ ಗೌನಿಪಲ್ಲಿ ದಾರಿಯ ತೋಟದ ಬಾವಿಯಿಂದ ಗಾಡಿಯಲ್ಲಿ ತರುತ್ತೇವೆ. ಅದು ಸ್ವಲ್ಪ ಉಪ್ಪು. ಬೇಳೆ ಬೇಯುವುದಿಲ್ಲ.

ತುಂಬು ಬಸುರಿಯಾದ ನಿನ್ನನ್ನು ಈ ನೀರಿಗೆ, ಈ ಸೊಳ್ಳೆಗೆ ಹೇಗೆ ಕರೆತರಲಿ? ಹೇಳು. ನಿನ್ನ ಅತ್ತೆಯವರ ಮನೆಯ ಬಾವಿ ಒಳ್ಳೆಯದು, ಮದುವೆಗೆ ಬಂದಾಗ ನಾನೇ ಕುಡಿದು ಹೊಗಳಿದ್ದೇನೆ. ಆ ಊರಿನಲ್ಲಿ ನರ್ಸಮ್ಮ ಒಬ್ಬಳು ಇದ್ದಾಳೆಂದು ನೀನೇ ಬರೆದಿದ್ದೀಯೆ. ಅವಳು ಹೇಳಿದ ಹಾಗೆ ಕೇಳು. ಅಳಿಯಂದಿರು ಹೆಂಚಿನ ಕಾರ್ಖಾನೆಯಲ್ಲಿ ರಜಾ ಕೇಳಿದರೆ ಕೊಡುತ್ತಾರಂತೆ, ಕೇಳಲಿ. ಶ್ರಾವಣ ಬಂದ ಕೂಡಲೆ ನಾನು ಒಬ್ಬನೇ ಬಂದು ಸೀಮಂತಕ್ಕೆ ಸೀರೆ, ರಾಗಿಹಿಟ್ಟು, ತುಪ್ಪ, ಬೆಳ್ಳುಳ್ಳಿ ಕೊಟ್ಟು ಹೋಗುತ್ತೇನೆ. ಬಾಣಂತಿ ಖಾರವನ್ನು ಮುನಿಯಲ್ಲಮ್ಮ ಕುಟ್ಟಿ ಕೊಟ್ಟಿದ್ದಾಳೆ. ಕೊಡುವಾಗ, “ಕೂಸು ಮೂಗಿನಲ್ಲಿ ಅವರಪ್ಪನ್ನ ಹೋಲದೇ ಇರ್ಲಿ ಅಂತ ಗಂಗಮ್ಮಂಗೆ ಹೇಳ್ಕೊಂಡಿದೀನಿ” ಅಂದಳು. ಇದನ್ನು ಮಾತ್ರ ಅಳಿಯಂದಿರಿಗೆ ಓದಿ ಹೇಳಬೇಡ.

ನಿನ್ನ ತಾಯಿ ಆರೋಗ್ಯವಾಗಿದ್ದಾಳೆ. ಯೋಚನೆ ಮಾಡಬೇಡ. ಬಿಸಿ ಊಟ ಮಾಡು, ಭಾರ ಎತ್ತಬೇಡ, ಹೊತ್ತು ಮುಳುಗಿದ ಮೇಲೆ ಬಾವಿಕಟ್ಟೆಗೆ ಹೋಗಬೇಡ. ನೀನು ಹೆರುವ ಮಗು ಗಂಡಾಗಲಿ ಹೆಣ್ಣಾಗಲಿ ಗಟ್ಟಿಯಾಗಿ ಅಳುತ್ತಾ ಹುಟ್ಟಲಿ, ಕೇರಿಗೆಲ್ಲ ಕೇಳಿಸಲಿ. ನೂರು ವರ್ಷ ಸುಖವಾಗಿ ಬಾಳಲಿ. ಮುತ್ತೈದೆಯಾಗಿ ನೀನು ಚೆನ್ನಾಗಿರು.

ಇತಿ ನಿನ್ನ ತಂದೆ,
ಸುಬ್ಬರಾಯಪ್ಪ

ಕಾಗದ ಮಡಿಸಿದ ಮೇಲೆ:

ರತ್ನ, ಇದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀರಿನ ಕಾರಣ ನಿಜ. ಆದರೆ ನೀನು ನನ್ನ ಮಗಳು, ಅರ್ಧ ಓದಿದಾಗಲೇ ನಿನಗೆ ಹೊಳೆದಿರುತ್ತದೆ. ನೀರನ್ನು ಗಾಡಿಯಲ್ಲಿ ತರುವ ಅಪ್ಪ ನಿನಗೆ ಎರಡು ಬಿಂದಿಗೆ ಹೆಚ್ಚಿಗೆ ತರಲಾರನೆ? ಸೊಳ್ಳೆಗೆ ಹೊಗೆ ಹಾಕಲಾರನೆ? ಗಾಡಿಗೆ ಹುಲ್ಲು ಹಾಸಿ, ಎತ್ತಿಗೆ ಗೆಜ್ಜೆ ಕಟ್ಟಿ ನಾನು ಹೊರಟೇ ಇದ್ದೆ. ನಿನ್ನ ತಾಯಿ ಬಾಗಿಲಿಗೆ ಬಂದು, “ಕರ್ಕೊಂಬರಬ್ಯಾಡ” ಅಂದಳು.

ಅವಳು ಈಗ ಯಾರ ಹೆರಿಗೆಗೂ ಹೋಗುವುದಿಲ್ಲ. ಊರಿನವರು ಅವಳನ್ನು ಒಂದು ಮಾತೂ ಅನ್ನಲಿಲ್ಲ, ಅದನ್ನು ನಾನು ಆಣೆ ಮಾಡಿ ಹೇಳುತ್ತೇನೆ. ಕದಿರೇಶನ ಹೆಂಡತಿಗೆ ನೋವು ಬಂದಾಗ ಅವನು ಓಡಿ ಬಂದು, “ಅಮ್ಮಾ, ನೀನಲ್ದೆ ಯಾರು, ದಮ್ಮಯ್ಯ ಬಾ” ಎಂದು ಹೊಸ್ತಿಲು ಹಿಡಿದು ಕೂತ. ಇವಳು ಗೋಡೆಯ ಕಡೆ ತಿರುಗಿ, “ಮುನಿಯಲ್ಲಮ್ಮನ್ನ ಕರ್ಕೊಂಡೋಗು” ಅಂದಳು. ಆ ಹೆರಿಗೆ ಸಲೀಸಾಗಿ ಆಯಿತು. ಅದನ್ನು ಹೇಳಿದರೆ, “ಆಗ್ಲಿ, ಒಳ್ಳೇದು” ಅಂದಳು, ಅಷ್ಟೆ.

ನಾನು ಅವಳಿಗೆ ಎಷ್ಟೋ ಹೇಳಿದೆ. ಕತ್ತಾಳೆ ಕಂತೆ ಹಾಕಿದ್ದು ಊರು, ಕಾಲುವೆ ಮರೆತದ್ದು ಊರು, ಬೊರುಗು ಹಾಕಿದ್ದೂ ಊರೇ, ನೀನೊಬ್ಬಳೇ ಯಾಕೆ ಹೊರುತ್ತೀಯೆ ಎಂದು. ಒಂದು ದಿನ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಹೇಳಿದಳು:

“ಊರಿಗೇನು ಗೊತ್ತಪ್ಪಾ. ಊರು ಅಂಥ ಬಾಯಿ ನೋಡಿಲ್ಲ. ನಾನು ನೋಡಿದೀನಿ. ಕೆಲವು ಕೂಸು ಹುಟ್ಟಿದ ತಕ್ಷಣ ಅಳೋದಿಲ್ಲ. ನೀಲಿಗಿರ್ತವೆ. ಬಾಯಿ ದುಂಡಗೆ ಬಿಡ್ತವೆ, ಮುಚ್ತವೆ, ಸದ್ದಿರಲ್ಲ. ಅದು ಹಾಲಿಗಲ್ಲ, ಉಸಿರಿಗೆ. ಕಂಡ ತಕ್ಷಣ ಬೆರಳಾಕಿ ಗಂಟಲು ತೆಗೀಬೇಕು, ಕಾಲು ಹಿಡಿದು ಬೆನ್ನು ತಟ್ಟಬೇಕು. ಎಷ್ಟು ಕೂಸಿಗೆ ತಟ್ಟಿದೀನಿ ನಾನು. ಅವತ್ತು ಕುಂಟೆ ತುಂಬಾ ಅದೇ ಬಾಯಿ. ಅಷ್ಟು ಹತ್ತಿರದಿಂದ ನೋಡ್ದೆ. ನೋಡಿ ಬೊರುಗು ಹಾಕ್ದೆ.”

ಮೊರದಿಂದ ಒಂದು ಕಲ್ಲು ಆರಿಸಿ ಬಿಸಾಡಿ, “ನನ್ನ ಮಗಳ ಕೂಸು ಹಂಗೆ ಬಾಯಿ ಬಿಟ್ರೆ, ನಂಗೆ ಇನ್ನೇನಾದ್ರೂ ಕಂಡ್ರೆ?” ಅಂದಳು. ಅವಳು ಮತ್ತೆ ಮೊರ ಎತ್ತಿಕೊಂಡಳು.

ನಾನು ಬರೆಯುತ್ತಿರುವುದನ್ನು ಒಳಗಿನಿಂದ ಈಗ ತಾನೇ ನೋಡಿದಳು. “ರತ್ನಂಗಾ?” ಅಂದಳು. ಹೌದೆಂದೆ. “ಮಲಗಿದಾಗ ಮಗ್ಗುಲು ಬದಲಾಯಿಸಬೇಕಾದ್ರೆ ಹಂಗೇ ಹೊರಳಬಾರದು, ಎದ್ದು ಕೂತು ತಿರುಗ್ಬೇಕು ಅಂತ ಬರಿ” ಅಂದಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತು, “ನಾನು ಹೇಳ್ದೆ ಅಂತ ಬರೀಬ್ಯಾಡ” ಅಂದಳು.

ಎದ್ದು ಕೂತು ತಿರುಗು, ರತ್ನ. ಇದನ್ನು ನಾನು ಹೇಳಿದೆನೆಂದು ಇಟ್ಟುಕೊ.